ಊದಿ ಆರಿಸಿದ ಆರತಿ

ರುದ್ರಣ್ಣನಿಗೆ, ನೀವು ತಂಗಿ ಎಂದು ಕರೆಯುತ್ತಿದ್ದ ಶಾರದೆಯ ನಮಸ್ಕಾರ.

ಎದೆನೋವು ಅಂತ ಆಸ್ಪತ್ರೆಗೆ ಹೋದವರು ನೀವು ಮರಳಲೇ ಇಲ್ಲ. ನಿಮ್ಮ ಬ್ಯಾಟರಿ ರೂಮಿನ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ನಿಜ ಹೇಳಲಾ? ಆವತ್ತಿನಿಂದ ನನಗೆ ಪುಕುಪುಕು ತಪ್ಪಿಲ್ಲ.

ಬೊಮ್ಮನಹಳ್ಳಿಯ ಈ ಗಾರ್ಮೆಂಟ್ಸ್‌ಗೆ ನಾನು ಎಲೆಕ್ಟ್ರಿಷಿಯನ್ ಆಗಿ ಸೇರಿದ ಮೊದಲ ದಿನ ನೀವು ಆ ರೂಮಿನ ಬಾಗಿಲು ತೆರೆದು, ಹೊರಗೇ ನಿಂತು ತುಟಿ ಅಲ್ಲಾಡಿಸುತ್ತಿದ್ದಿರಿ. ಜಪ ಅಂದುಕೊಂಡು ನಾನೂ ಕೈ ಮುಗಿದೆ! ನೀವು ನಕ್ಕಿರಿ. "ನೂರು ಎಣಸಾಕತ್ತೀನಿ ತಂಗಿ. ಚಾರ್ಜ್ ಆಗೂವಾಗ ಬ್ಯಾಟರಿ ಗ್ಯಾಸ್ ಬಿಡ್ತಾವ. ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ತಿಳಿಯೂದಿಲ್ಲ. ಒಂದು ಕಿಡಿ ಸಾಕು, ರೂಮು ಸಿಡೀತದ. ನೂರು ಎಣಸೂದ್ರಾಗ ಅದು ಹೊರಗ ಹೋಗ್ತದ." ನಿಮ್ಮ ಎಡಗೆನ್ನೆಯ ಸುಟ್ಟ ಕಲೆ ಹೇಗೆ ಬಂತೆಂದು ಕೇಳುವ ಧೈರ್ಯ ನನಗೆ ಆವತ್ತೂ ಬರಲಿಲ್ಲ, ಆಮೇಲೂ...

ಚಾವಣಿಗೆ ಸೋಲಾರ್ ಕೂರಿಸಿದ ದಿನ ನೆನಪಿದೆಯಾ? ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟರೆ ಕರೆಂಟ್ ಹೋದರೂ ಹೊಲಿಗೆ ನಿಲ್ಲುವುದಿಲ್ಲ ಎಂದು ಮಾಲೀಕರು ಹಿಗ್ಗಿದರು. ನೀವು ಮಾತ್ರ ಗಾಳಿ ಹೊರಹಾಕಲು ಇನ್ನೊಂದು ಫ್ಯಾನ್ ಬೇಕೆಂದು ಹಟ ಹಿಡಿದಿರಿ. ಆಯುಧಪೂಜೆಯಲ್ಲೂ ಆ ರೂಮಿಗೆ ಹೂವು, ಕುಂಕುಮ ಅಷ್ಟೇ. ಬೆಂಕಿ ಹತ್ತಿರ ಸುಳಿಯುವಂತಿರಲಿಲ್ಲ.

ಈ ಸಲದ ಪೂಜೆಯಲ್ಲಿ ಮಾಲೀಕರ ತಾಯಿ ಕೇಳಲಿಲ್ಲ. "ಇಷ್ಟೊಂದ್ ಜನಕ್ಕೆ ಅನ್ನ ಹಾಕೋದೇ ಇದು ಕಣೇ, ಇದಕ್ಕೊಂದು ಆರತಿ ಬೇಡ್ವಾ?" ಅಂದರು. ಬೇಡಮ್ಮ ಎಂದು ಹೇಳಿ, ಕುಂಬಳಕಾಯಿ ತರಲು ಕೆಳಗೆ ಹೋದೆ. ಮೇಲೆ ಬಂದಾಗ ಫ್ಯಾನಿನ ಸದ್ದೇ ಇಲ್ಲ. ಗಾಳಿಗೆ ಕರ್ಪೂರ ನಿಲ್ಲುವುದಿಲ್ಲವೆಂದು ಯಾರೋ ಆರಿಸಿದ್ದರು! ಮಟಮಟ ಮಧ್ಯಾಹ್ನ, ಮಿಷನ್‌ಗಳೆಲ್ಲ ನಿಂತಿವೆ, ಬಿಸಿಲಿನ ಅಷ್ಟೂ ಕರೆಂಟ್ ಬ್ಯಾಟರಿಗೇ ಹರಿಯುತ್ತಿದೆ. ಉರಿಯುವ ತಟ್ಟೆ ಹಿಡಿದು ಅಮ್ಮ ಮುಚ್ಚಿದ ಬಾಗಿಲ ಕಡೆ ಬರುತ್ತಿದ್ದಾರೆ. ಅವರ ಬೆನ್ನಿಗೆ ಟೈಲರ್ ಹೆಂಗಸರೆಲ್ಲ, ಮುಡಿ ತುಂಬ ಹೂವು.

ಜೀವ ಬಾಯಿಗೆ ಬಂತು. ಕುಂಬಳಕಾಯಿ ಅಲ್ಲೇ ಬಿಟ್ಟೆ. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು... ಊದಿಬಿಟ್ಟೆ ಅಣ್ಣ. ದೇವರ ಆರತಿಯನ್ನು ಬಾಯಿಂದ ಊದಿ ಆರಿಸಿದೆ.

"ಎಂಥಾ ಅಪಶಕುನ ಮಾಡ್ಬಿಟ್ಟೆ!" ಅಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ನಾಳೆಯಿಂದ ಬರ್ಬೇಡ" ಎಂದು ಮಾಲೀಕರು ಬೀಗದ ಕೈ ಕಿತ್ತುಕೊಂಡರು. ಕೆಲಸ ಹೋಯಿತೆಂದು ಅಳಲಾ, ಎಲ್ಲರೂ ಬದುಕಿದರೆಂದು ಅಳಲಾ?

ಮರುದಿನ ಅವರೇ ಕರೆಸಿದರು. ಬ್ಯಾಟರಿ ಕಂಪನಿಯವರಿಗೆ ಫೋನ್ ಮಾಡಿ ವಿಚಾರಿಸಿದ್ದರಂತೆ. ಮುಖ ಬಿಳಿಚಿಕೊಂಡಿತ್ತು. ಬೀಗದ ಕೈಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

ಇವತ್ತು ಶುಕ್ರವಾರ. ಬಾಗಿಲು ತೆರೆದು, ನಿಮ್ಮ ಹಾಗೆ ಎಣಿಸುತ್ತ ಹೊರಗೆ ನಿಂತಿದ್ದೆ. ನಿಮ್ಮ ನೂರರ ಲೆಕ್ಕವನ್ನು ಅಮ್ಮನಿಗೂ ಹೇಳಿದ್ದೆ; ಅವರು ಬರಿಯ ಮಲ್ಲಿಗೆ ಹಿಡಿದು ಬಂದು ನನ್ನ ಪಕ್ಕ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು, "ನೂರಾಯ್ತೇನೇ?"

"ಇನ್ನೂ ಇಲ್ಲಮ್ಮ" ಅಂದೆ.

ನೂರು ಆವಾಗಲೇ ಆಗಿತ್ತು ಅಣ್ಣ. ಭಯ ಹೋಗಿರಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದ್ದೆ.