ಅಯ್ಯಮ್ಮನ ಚೀಲ

ಆಗಸ್ಟ್ 12, ಮಂಗಳವಾರ. ಹಲಸೂರು ಹಾಸ್ಟೆಲ್.

ಇಯರ್‌ಬಡ್ಸ್ ಸಿಕ್ಕಿತು, ನನ್ನದೇ ಲ್ಯಾಬ್ ಕೋಟಿನ ಜೇಬಿನಲ್ಲಿ. ಆದರೂ ಸಮಾಧಾನವಿಲ್ಲ.

ನಿನ್ನೆ ಹಾಸ್ಟೆಲ್ ಗ್ರೂಪಿನಲ್ಲಿ ನಾನು ಹಾಕಿದ್ದು ಇಷ್ಟೇ: "ರೂಮ್ ಕ್ಲೀನ್ ಆದಮೇಲೆ ನನ್ನ ಇಯರ್‌ಬಡ್ಸ್ ಕಾಣ್ತಿಲ್ಲ." ಯಾರ ಹೆಸರನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವೇ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತಾ?

ಸಂಜೆ ವಾರ್ಡನ್ ಪ್ರೇಮಕ್ಕ ಗೇಟಿನ ಹತ್ತಿರ, ರೂಮು ಗುಡಿಸುವ ಅಯ್ಯಮ್ಮನ ಚೀಲವನ್ನು ನೆಲಕ್ಕೆ ಸುರಿದರು. "ದಿನಾ ಚೆಕ್ ಮಾಡ್ತೀನಲ್ಲ, ಇವತ್ತು ಸರಿಯಾಗಿ ಮಾಡ್ತಿದೀನಿ ಅಷ್ಟೇ." ಡಬ್ಬಿಯ ಮುಚ್ಚಳ ಹಾರಿ ರೊಟ್ಟಿ ಮಣ್ಣಾಯಿತು. ಯಾರೂ ದನಿ ಏರಿಸಲಿಲ್ಲ, ಎಲ್ಲ ತುಂಬ ಡೀಸೆಂಟಾಗಿ ನಡೆಯಿತು. ನಮ್ಮ ಬ್ಯಾಗುಗಳನ್ನು ಇಲ್ಲಿ ಒಂದು ದಿನವೂ ಯಾರೂ ತೆರೆಸಿಲ್ಲ. ಅದು ವಿಚಿತ್ರ ಅಂತ ನಿನ್ನೆಯವರೆಗೆ ನನಗೆ ಅನ್ನಿಸಿಯೂ ಇರಲಿಲ್ಲ.

ಇವತ್ತು ಸಾರಿ ಹೇಳೋಣ ಅಂತ ಮೆಟ್ಟಿಲ ಹತ್ತಿರ ಕಾದೆ. ನಾನು ಬಾಯಿ ತೆರೆಯುವ ಮೊದಲೇ ಅಯ್ಯಮ್ಮ ಚೀಲ ಕೆಳಗಿಟ್ಟು ಜಿಪ್ ಎಳೆದರು.

"ನೋಡ್ಕೋರಿ ಅಕ್ಕಾರ, ಏನೂ ಇಲ್ಲ."

ಬೇಡ ಅನ್ನಬೇಕಿತ್ತು. ಇಯರ್‌ಬಡ್ಸ್ ನನ್ನ ಮುಷ್ಟಿಯಲ್ಲೇ ಇತ್ತು. ಆದರೂ ಬಗ್ಗಿ ನೋಡಿದೆ. ಡಬ್ಬಿ ಎತ್ತಿ, ಅದರ ಕೆಳಗೂ ನೋಡಿದೆ.