ಮಂಗಳ ಗ್ರಹದಲ್ಲಿ ನಿನ್ನ ಕಲ್ಲು

ಅವ್ವಾ,

ದೇವಸಮುದ್ರದ ನಮ್ಮ ಗುಡ್ಡ ಇವತ್ತು ಮಂಗಳ ಗ್ರಹವಾಗಿತ್ತು. ಮಂಗಳದಲ್ಲಿ ಊರು ಕಟ್ಟುತ್ತೇನೆ, ಭೂಮಿಯ ಯಾವ ಕಾನೂನೂ ಅಲ್ಲಿ ನಡೆಯುವುದಿಲ್ಲ ಎನ್ನುವ ಒಬ್ಬ ಸಾಹುಕಾರನ ಜಾಹೀರಾತಿನ ಶೂಟಿಂಗಿಗೆ ನಮ್ಮ ಕೆಂಪು ನೆಲ ಬೇಕಾಗಿತ್ತಂತೆ. ಯಾರನ್ನೂ ಕೇಳದೆ ಹಗ್ಗ ಕಟ್ಟಿ ಕುರಿಗಳನ್ನು ಓಡಿಸಿದರು. ಹಿಕ್ಕೆ ಗುಡಿಸಲು ನನ್ನನ್ನೂ ಪಕ್ಕದ ಮನೆ ಬೊಮ್ಮಕ್ಕನನ್ನೂ ಕೂಲಿಗೆ ಕರೆದರು.

“ಹಿಕ್ಕೆ ಗುಡಿಸಿದ್ರೆ ಮಂಗಳ ಗ್ರಹ ಆಗ್ತೈತೇನ್ಲಾ? ಹಂಗಾದ್ರೆ ನಮ್ಮ ಕುರಿ ರೊಪ್ಪ ದಿನಾ ಆಗ್ತೈತೆ ಬಿಡು,” ಅಂದಳು ಬೊಮ್ಮಕ್ಕ.

ಆಮೇಲೆ ಅವರ ಮ್ಯಾನೇಜರ್ ನಿನ್ನ ಸಮಾಧಿಯ ಕಲ್ಲು ತೋರಿಸಿದ. “ತಮ್ಮಾ, ಇದನ್ನ ಕಿತ್ತಾಕು. ಇಲ್ಲಿ ಯಾರೂ ಇದ್ದಂಗೆ ಕಾಣಬಾರದು.”

“ಇಲ್ಲಿ ನಮ್ಮವ್ವ ಐದಾಳೆ ಸಾರ್. ನಾನು ಕೀಳಲ್ಲ.” ಪೊರಕೆ ಬಿಸಾಕಿದೆ.

ಅವನು ಜಗಳವನ್ನೂ ಆಡಲಿಲ್ಲ. “ಇರ್ಲಿ ಬಿಡು, ಕಂಪ್ಯೂಟರಲ್ಲಿ ಅಳಿಸ್ತೀವಿ,” ಎಂದು ನಕ್ಕ.

ಕಂಪ್ಯೂಟರಲ್ಲಿ ಅಳಿಸುವುದನ್ನು ತಡೆಯುವುದು ಹೇಗೆ ಅಂತ ಓದಿದವರಿಗೇ ಗೊತ್ತು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನೀನು ನನ್ನ ಹತ್ತಿರ ಮಾತು ಬಿಟ್ಟಿದ್ದೆ.

ಕಾನೂನಿಲ್ಲದ ಜಾಗ ಹುಡುಕಿಕೊಂಡು ಆ ಸಾಹುಕಾರ ಅಷ್ಟು ದೂರ ಯಾಕೆ ಹೋಗಬೇಕೋ!

ಅವರ ಗಾಡಿಗಳು ಹೋದ ಮೇಲೆ ಇಡೀ ಮಂದೆಯನ್ನು ತಂದು ನಿನ್ನ ಕಲ್ಲಿನ ಸುತ್ತ ತಂಗಿಸಿದ್ದೇನೆ. ನಾಳೆಯೂ ಶೂಟಿಂಗ್ ಇದೆಯಂತೆ. ಬಂದು ಗುಡಿಸಿಕೊಳ್ಳಲಿ.