ಎದುರು ಕೂತು ನೋಡಿದ ಕೈ

ಹನ್ನೊಂದನೆಯ ತಾರೀಖು, ಮಂಗಳವಾರ
ಹೊಲಿಗೆ ಅಂಗಡಿಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ನನ್ನ ಗಡಿಬಿಡಿ ಮಗಳೇ,

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅದೊಂದನ್ನೇ ಹುಡುಕುತ್ತಾ ಉಳಿದದ್ದನ್ನೆಲ್ಲ ಹಾರಿಸಿ ಓದುತ್ತೀ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂಗುಟ್ಟುತ್ತೇನೆ. ಇಟ್ಟ ಮೇಲೆ ನೋಡಿದರೆ ಯಾವುದಕ್ಕೋ ಒಪ್ಪಿಕೊಂಡಿರುತ್ತೇನೆ. ಮುಂದಿನ ಗುರುವಾರದ ಆಪರೇಷನ್‌ಗೆ ಒಪ್ಪಿಕೊಂಡದ್ದೂ ಹಾಗೆಯೇ. ಆ ಗುರುವಾರವನ್ನು ನಿನ್ನೆ ನಾನೇ ಹೋಗಿ ರದ್ದು ಮಾಡಿಸಿ ಬಂದೆ. ಕಾಗದ ಮಡಿಸಿಡಬೇಡ, ಮುಂದೆ ಓದು.

ಆದದ್ದೆಲ್ಲ ನಿನಗೆ ಗೊತ್ತಿದೆ. ಆದರೆ ನನ್ನ ಕಡೆಯಿಂದ ನೀನು ಒಮ್ಮೆಯೂ ಕೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೇಲಿನ ಹಲಗೆಯಿಂದ ದಾರದ ಡಬ್ಬ ತೆಗೆಯಲು ಹೋಗಿ ಸ್ಟೂಲಿನಿಂದ ಬಿದ್ದೆ, ಎಡಗೈ ಮಣಿಕಟ್ಟು ಮುರಿಯಿತು. ನೀನು ನರ್ಸ್ ಆಗಿರುವ ಆಸ್ಪತ್ರೆಗೇ ನನ್ನನ್ನು ಕರೆದೊಯ್ದೆ. ಫಾರಂ ತುಂಬಿದವಳೂ ನೀನೇ. ವಯಸ್ಸು ಅರವತ್ತೊಂದು, ಸಕ್ಕರೆ ಕಾಯಿಲೆ ಇಲ್ಲ, ಹೆಚ್ಚು ಬಳಸುವ ಕೈ ಬಲ. ನಿಮ್ಮ ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಿನ್ನ ಜೊತೆ ಮಾತಾಡಿದರು. ಎಡಗೈ ತಾನೇ, ವಯಸ್ಸೂ ಆಗಿದೆ, ಸ್ವಲ್ಪ ಸೊಟ್ಟ ಕೂತ್ರೂ ನಡೆಯುತ್ತೆ, ಪ್ಲೇಟ್ ಗೀಟ್ ಯಾಕೆ, ಪ್ಲಾಸ್ಟರ್ ಸಾಕು ಅಂದರು. ನೀನು ಸರಿ ಸರ್ ಅಂದೆ. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಮುರಿದದ್ದು ನನ್ನ ಕೈ, ಆದರೆ ಆ ಕೋಣೆಯಲ್ಲಿ ನಾನು ಅದನ್ನು ಹೊತ್ತು ತಂದ ಕೂಲಿಯವಳಂತೆ ನಿಂತಿದ್ದೆ.

ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮನೆಗೆ ಬಂದವಳೇ ಎಡಗೈಗೆ ದೊಡ್ಡ ಕತ್ತರಿ ತೆಗೆದುಕೊಂಡೆ. ಮಣಿಕಟ್ಟು ತಿರುಗಲಿಲ್ಲ, ಕತ್ತರಿಯ ಬಾಯಿ ಬಟ್ಟೆಯನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ನೀನು, ಅಮ್ಮಾ, ನೀನು ಎಡಗೈಲಿ ಕತ್ತರಿಸ್ತೀಯಾ, ಅಂತ ಗುರುತಿಲ್ಲದವಳನ್ನು ಕೇಳುವ ಹಾಗೆ ಕೇಳಿದೆ.

ನಿನಗೆ ಗೊತ್ತಿರಲಿಲ್ಲವಲ್ಲ ಎಂದು ನಾನು ಬಹಳ ದಿನ ಯೋಚಿಸಿದೆ. ನಾನು ಬಟ್ಟೆ ಕತ್ತರಿಸುವ ಈ ಮೇಜಿನ ಮೇಲೇ ನೀನು ಹತ್ತು ವರ್ಷ ಹೋಂವರ್ಕ್ ಮಾಡಿದವಳು. ಆಮೇಲೆ ಹೊಳೆಯಿತು. ನೀನು ಯಾವಾಗಲೂ ಎದುರು ಕೂರುತ್ತಿದ್ದೆ. ನನ್ನ ಎಡಗೈ ನಿನಗೆ ಕಾಣುತ್ತಿದ್ದದ್ದು ನಿನ್ನ ಬಲಗೈ ಪಕ್ಕದಲ್ಲಿ. ಇನ್ನು ಬರೆಯುವುದಂತೂ ನಾನು ಬಲಗೈಯಲ್ಲೇ; ಶಾಲೆಯಲ್ಲಿ ಟೀಚರು ಎಡಗೈ ಗೆಣ್ಣಿಗೆ ಅಡಿಪಟ್ಟಿಯಲ್ಲಿ ಬಾರಿಸಿ ಕಲಿಸಿದ್ದು. ಕತ್ತರಿಯ ತಂಟೆಗೆ ಮಾತ್ರ ಯಾವ ಟೀಚರೂ ಬರಲಿಲ್ಲ.

ಅಂದಿನಿಂದ ಎರಡು ತಿಂಗಳಾಯಿತು, ನೀನು ಈ ಕಡೆ ಬಂದಿಲ್ಲ. ಫೋನ್ ಮಾಡುತ್ತೀ, ನಿನ್ನ ಕೈ ಹಾಳ್ಮಾಡಿದ್ದು ನಾನೇ ಅನ್ನುತ್ತೀ, ಅಳುತ್ತೀ. ಕೊನೆಗೆ ಅದೇ ಡಾಕ್ಟರ ಹತ್ತಿರ ಮಾತಾಡಿ ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿದೆ. ಹೊಲಿಗೆ ಬಿಚ್ಚಿ ಮತ್ತೆ ಅದೇ ಸೊಟ್ಟ ಗೆರೆಯ ಮೇಲೆ ಹೊಲಿದ ಹಾಗಾಯಿತು. ಈ ಸಲವೂ ನನ್ನನ್ನು ಕೇಳಲಿಲ್ಲ.

ಕಳೆದ ತಿಂಗಳು ನಿನಗೆ ಹೇಳದೆ ಬೇರೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಮೂಳೆ ಡಾಕ್ಟರಮ್ಮ ಎಕ್ಸ್‌ರೇ ಲಕೋಟೆ ತೆರೆಯುವ ಮೊದಲೇ, ಈ ಕೈಲಿ ನಿಮಗೆ ಏನೇನು ಮಾಡೋದಿದೆ ಅಂತ ಕೇಳಿದರು. ಅಂಥ ಪ್ರಶ್ನೆ ನನಗೆ ಯಾರೂ ಹಾಕಿರಲಿಲ್ಲ, ತಬ್ಬಿಬ್ಬಾಗಿ ಪಾತ್ರೆ ತೊಳೀಬೇಕು ಅಂದುಬಿಟ್ಟೆ. ಆಮೇಲೆ ಕತ್ತರಿಯ ಮಾತು ತೆಗೆದೆ. ಮುಂದಿನ ವಾರ ತಂದು ತೋರಿಸಿ ಅಂದರು. ಒಂದು ಮೀಟರ್ ಬಟ್ಟೆ, ಸೀಮೆಸುಣ್ಣ, ಕತ್ತರಿ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆ. ಅವರ ಮೇಜಿನ ಮೇಲೆಯೇ ಬಟ್ಟೆ ಹರಡಿ ಅಂಗಿಯ ಕೊರಳು ಕತ್ತರಿಸಲು ಕೂತೆ. ಅವರು ನನ್ನ ಪಕ್ಕಕ್ಕೆ ಬಂದು ನಿಂತು, ಬಗ್ಗಿ ನೋಡಿದರು. ಎಲ್ಲಿ ಕೈ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಿಲ್ಲಿಸಿ, ನನ್ನ ಸೀಮೆಸುಣ್ಣದಲ್ಲೇ ನನ್ನ ಚರ್ಮದ ಮೇಲೆ ಗುರುತು ಹಾಕಿದರು.

ಆಮೇಲೆ ಅವರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಪ್ಲಾಸ್ಟಿಕ್ ಮೂಳೆಯೊಂದನ್ನು ನನ್ನ ಕೈಗೇ ಕೊಟ್ಟು ವಿವರಿಸಿದರು. ಕೂಡಿಕೊಂಡ ಮೂಳೆಯನ್ನು ಮತ್ತೆ ಕತ್ತರಿಸಿ, ನೇರ ಮಾಡಿ, ಪ್ಲೇಟ್ ಹಾಕುವುದು ಒಂದು ದಾರಿ. ಮೂರು ನಾಲ್ಕು ತಿಂಗಳು ಕೆಲಸವಿಲ್ಲ, ಆಮೇಲೂ ಕೈ ಮೊದಲಿನಷ್ಟು ತಿರುಗುತ್ತದೆಂದು ಭರವಸೆಯಿಲ್ಲ. ಇನ್ನೊಂದು ದಾರಿ ವ್ಯಾಯಾಮ, ಹಗುರ ಕತ್ತರಿ, ಇರುವುದರಲ್ಲೇ ಹೊಂದಿಕೊಳ್ಳುವುದು. ನಾನು ಅಭ್ಯಾಸದಂತೆ, ನೀವು ಹೇಳಿದ ಹಾಗೆ ಆಗಲಿ ಅಂದೆ. ಅವರು ನಕ್ಕರು. ಮೂಳೆ ವಿಷಯ ನಾನು ಹೇಳ್ತೀನಿ, ಕತ್ತರಿ ವಿಷಯ ನೀವೇ ಹೇಳ್ಬೇಕು, ಯೋಚನೆ ಮಾಡ್ಕೊಂಡು ಬನ್ನಿ ಅಂದರು.

ಯೋಚನೆ ಮಾಡಿದೆ. ಈಗ ಕತ್ತರಿಸುವ ಕೆಲಸವನ್ನು ಪಕ್ಕದಂಗಡಿಯ ದರ್ಜಿಗೆ ಕೊಡುತ್ತಿದ್ದೇನೆ. ಆ ಮಹಾಶಯ ಎಲ್ಲರ ಕೊರಳನ್ನೂ ಕಾಲು ಇಂಚು ಹೆಚ್ಚೇ ತೆಗೆಯುತ್ತಾನೆ. ಗಿರಾಕಿಗಳು ಬೈಯುವುದು ನನ್ನನ್ನು. ಬೈಗುಳ ಹೇಗೋ ತಡೆದುಕೊಂಡೇನು. ಬೇರೆಯವರು ಕತ್ತರಿಸಿದ್ದನ್ನು ಬರೀ ಕೂಡಿಸಿ ಹೊಲಿಯುತ್ತಾ ಉಳಿದ ವರ್ಷಗಳನ್ನು ಕಳೆಯುವುದು ನನ್ನಿಂದಾಗದು. ಅದಕ್ಕೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಹೌದು, ನೀನು ಹೇಳಿದ್ದೇ. ಹಾಗಿದ್ದ ಮೇಲೆ ಇಷ್ಟೆಲ್ಲ ರಾದ್ಧಾಂತ ಯಾಕೆ ಅನ್ನುತ್ತೀ. ಅಳತೆ ಕೊಡದೆ ಹೊಲಿಸಿದ ಅಂಗಿ ಒಂದೊಂದು ಸಲ ಸರಿಯಾಗಿಯೇ ಕೂರುತ್ತದೆ ಮಗಳೇ, ಆದರೂ ನಾನು ಯಾರಿಗೂ ಹಾಗೆ ಹೊಲಿದುಕೊಟ್ಟಿಲ್ಲ.

ಮುಂದಿನ ತಿಂಗಳು ಇಪ್ಪತ್ತನೇ ತಾರೀಖು, ಡಾಕ್ಟರಮ್ಮನ ಆಸ್ಪತ್ರೆಯಲ್ಲಿ. ಶಾಲೆಯ ಯೂನಿಫಾರಂ ಎಲ್ಲ ಅಷ್ಟರೊಳಗೆ ಮುಗಿಸಿ ಕೊಡುತ್ತೇನೆ. ಫಾರಂ ನಾನೇ ತುಂಬಿದ್ದೇನೆ. ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ನೀನು ಬಾ. ಆದರೆ ನರ್ಸ್ ಆಗಿ ಬರಬೇಡ, ನನ್ನ ಪರವಾಗಿ ಯಾರಿಗೂ ಉತ್ತರ ಕೊಡಬೇಡ. ಎದುರಿನ ಕುರ್ಚಿ ಬೇಡ, ನನ್ನ ಪಕ್ಕಕ್ಕೆ ಕೂರು, ಎಡಕ್ಕೆ.

ಇಂತು, ಹಟ ಮಾಡುವುದನ್ನು ತಡವಾಗಿ ಕಲಿತ
ನಿನ್ನ ಅಮ್ಮ

ತಾ.ಕ.: ಒಂದು ಮಾತು ಬಚ್ಚಿಟ್ಟಿದ್ದೆ. ಅವತ್ತು ನೀನು ಫಾರಂನಲ್ಲಿ ಬಲ ಎಂದು ಬರೆದದ್ದನ್ನು ನಾನು ಓದಿದ್ದೆ. ಓದಿಯೇ ಕೆಳಗೆ ಸಹಿ ಹಾಕಿದೆ. ನಿಮ್ಮ ದೊಡ್ಡ ಡಾಕ್ಟರು ಮೊದಲ ಸಲ ನಿನ್ನನ್ನು ಸಮಾನಳಂತೆ ಕಂಡು ಮಾತಾಡುತ್ತಿದ್ದರು, ನಿನ್ನ ಮುಖ ಅರಳಿತ್ತು. ನಡುವೆ ಬಾಯಿ ಹಾಕಿ, ಇವಳಿಗೆ ಅಮ್ಮನ ಕೈಯೇ ಗೊತ್ತಿಲ್ಲ ಎಂದು ತೋರಿಸಿಕೊಡಲು ನನಗೆ ಮನಸ್ಸಾಗಲಿಲ್ಲ. ಎರಡು ತಿಂಗಳಿಂದ ನೀನೊಬ್ಬಳೇ ಹೊರುತ್ತಿರುವ ತಪ್ಪಿನಲ್ಲಿ ಅರ್ಧ ನನ್ನದು. ಬಂದು ಅದನ್ನು ನನಗೆ ಕೊಟ್ಟು ಹೋಗು.